ಮೂರು ತಂತಿಗಳ ಕೈಚಳಕ

ಲೇತ್‌ಗೆ ಡಿಜಿಟಲ್ ಆರ್‌ಪಿಎಂ ಮೀಟರ್ ಕೂರಿಸುವಾಗ ಪಳಗಿದ ಎಲೆಕ್ಟ್ರಿಷಿಯನ್‌ನ ಕೈಯನ್ನು ನೋಡಬೇಕು. ಸುತ್ತು ಎಣಿಸಲು ಹತ್ತಿರದ ಲೋಹವನ್ನು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್‌ನ ಕಂದು ತಂತಿ ಪ್ಲಸ್‌ಗೆ, ನೀಲಿ ಮೈನಸ್‌ಗೆ, ಕಪ್ಪು ಸಿಗ್ನಲ್‌ಗೆ. ಹೇಳುವುದಕ್ಕೆ ಇಷ್ಟೇ. ಆದರೆ ಲೋಹ ಎದುರಾದಾಗ ಎನ್‌ಪಿಎನ್ ಬಗೆಯ ಸೆನ್ಸರ್ ಕಪ್ಪು ತಂತಿಯನ್ನು ಸೊನ್ನೆ ವೋಲ್ಟಿಗೆ ಎಳೆಯುತ್ತದೆ, ಪಿಎನ್‌ಪಿ ಬಗೆಯದು ಪ್ಲಸ್ ಕಡೆಗೆ. ಮೀಟರ್‌ಗೆ ಯಾವುದು ಒಗ್ಗುತ್ತದೆಂದು ಆತ ಮೊದಲೇ ನೋಡಿಕೊಂಡಿರುತ್ತಾನೆ. ತಂತಿಯ ತುದಿಗೆ ಫೆರುಲ್ ತೊಡಿಸಿ, ಕ್ರಿಂಪ್ ಮಾಡಿ, ಒಮ್ಮೆ ಜಗ್ಗಿ ನೋಡುತ್ತಾನೆ. ಸಿಗ್ನಲ್ ತಂತಿಯನ್ನು ಮೋಟಾರ್ ಕೇಬಲ್ಲಿನಿಂದ ದೂರ ಎಳೆಯುತ್ತಾನೆ. ಇಲ್ಲದಿದ್ದರೆ ಮೋಟಾರಿನ ವಿದ್ಯುತ್ ಗದ್ದಲವೂ ಎಣಿಕೆಗೆ ಸೇರಿಬಿಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟ, ಅಂತರ ಹೊಂದಿಸುವ ಗಳಿಗೆ. 12 ಮಿ.ಮೀ. ದಪ್ಪದ ಸೆನ್ಸರ್‌ನ ನೋಟ ಹಲವು ಮಾದರಿಗಳಲ್ಲಿ 2 ಮಿ.ಮೀ. ದಾಟುವುದಿಲ್ಲ. ಸ್ಪಿಂಡಲನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ, ಅದಕ್ಕೆ ಕೂರಿಸಿದ ಬೋಲ್ಟಿನ ತಲೆ ಎದುರಾದಾಗ ಸೆನ್ಸರ್‌ನ ಬೆನ್ನಿನ ಪುಟ್ಟ ದೀಪ ಹೊತ್ತುವ ತನಕ ನಟ್ಟನ್ನು ಕಾಲು ಸುತ್ತು, ಅರ್ಧ ಸುತ್ತು ಸರಿಸುತ್ತಾನೆ. ಅಲ್ಲಿಗೆ ನಿಲ್ಲಿಸುವುದಿಲ್ಲ, ಇನ್ನೂ ಕೂದಲೆಳೆಯಷ್ಟು ಹತ್ತಿರ ತರುತ್ತಾನೆ: ಯಂತ್ರ ನಡುಗಿದರೂ ಒಂದು ಮಿಡಿತವೂ ತಪ್ಪಬಾರದು. ಎಂಥ ಮುಂದಾಲೋಚನೆ! ಸುತ್ತಿಗೊಂದು ಮಿಡಿತ, ಸೆಕೆಂಡಿಗೆ 20 ಬಂದರೆ ಮೀಟರ್ ಅದನ್ನು 60ರಿಂದ ಗುಣಿಸಿ 1200 ಎಂದು ತೋರಿಸುತ್ತದೆ.