ಮರದ ಗಾಣಕ್ಕೆ ಸಿಕ್ಕ ಮರ್ಯಾದೆ

ಮೈಸೂರು ಸೀಮೆಯಲ್ಲಿ ಸದ್ಯ ಯಾರೂ ಎದುರಾಡದ ಒಂದು ಖ್ಯಾತಿ ಇದ್ದರೆ ಅದು ಮರದ ಗಾಣದ ಎಣ್ಣೆಯದು. ಹುಣಸೂರಿನಲ್ಲಿ ಕೇಳಿ, ಪಿರಿಯಾಪಟ್ಟಣದಲ್ಲಿ ಕೇಳಿ, ರಿಫೈನ್ಡ್ ಎಂದರೆ ವಿಷ, ಗಾಣದ್ದು ಎಂದರೆ ಅಮೃತ. ಅದರಲ್ಲೂ ಗಾಣದ ಕೊಬ್ಬರಿ ಎಣ್ಣೆ ರಕ್ತನಾಳ ತೊಳೆಯುತ್ತದೆ, ಕೊಲೆಸ್ಟ್ರಾಲ್ ಅನ್ನುವುದೇ ಔಷಧಿ ಕಂಪನಿಗಳ ಕಟ್ಟುಕಥೆ ಎಂಬಲ್ಲಿಗೆ ಮಾತು ಬಂದು ನಿಂತಿದೆ. ಡಾ. ಖಾದರ್ ವಲಿ ಸಿರಿಧಾನ್ಯದ ಜೊತೆಗೆ ಗಾಣದ ಎಣ್ಣೆಯನ್ನೂ ಹೇಳಿದರು. ಹೃದ್ರೋಗ ತಜ್ಞ ಡಾ. ಬಿ.ಎಂ. ಹೆಗ್ಡೆ ಕೊಬ್ಬರಿ ಎಣ್ಣೆಯ ಪರ ನಿಂತರು. ಇಬ್ಬರೂ ಪದ್ಮ ಪುರಸ್ಕೃತರು. ಹಾಗಾಗಿ ಪ್ರಶ್ನೆ ಕೇಳುವವನೇ ಅಪರಾಧಿ.

ಗಾಣಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಘಮ ಉಳಿಯುತ್ತದೆ, ಬೀಜದ ವಿಟಮಿನ್ ಇ ಹೆಚ್ಚು ಉಳಿಯುತ್ತದೆ, ಹೆಕ್ಸೇನ್ ಹಾಕಿ ಎಣ್ಣೆ ಹೀರುವ ಗೊಡವೆಯಿಲ್ಲ, ಊರಿನ ದುಡ್ಡು ಊರಲ್ಲೇ ಇರುತ್ತದೆ. ಆದರೆ ಎಣ್ಣೆಯಲ್ಲಿ ಯಾವ ಕೊಬ್ಬು ಎಷ್ಟಿರಬೇಕೆಂದು ನಿರ್ಧರಿಸುವುದು ಬೀಜ, ಒನಕೆಯಲ್ಲ. ಕಡ್ಲೆಕಾಯಿಯನ್ನು ಮರದಲ್ಲಿ ಅರೆಯಿರಿ, ಕಬ್ಬಿಣದಲ್ಲಿ ಹಿಂಡಿರಿ, ಅದರ ಸ್ಯಾಚುರೇಟೆಡ್ ಕೊಬ್ಬು ನೂರಕ್ಕೆ ಹೆಚ್ಚುಕಡಿಮೆ 17ರಿಂದ 20. ಕೊಬ್ಬರಿ ಎಣ್ಣೆಯದು ಎಲ್ಲಿ ಹಿಂಡಿದರೂ 80 ದಾಟುತ್ತದೆ. ಈ ಸ್ಯಾಚುರೇಟೆಡ್ ಜಾತಿಯ ಕೊಬ್ಬು ಹೆಚ್ಚಾದರೆ ರಕ್ತದಿಂದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲಿನ ಕಣಗಳನ್ನು ಎಳೆದುಕೊಳ್ಳುವ ಯಕೃತ್ತಿನ ಗ್ರಾಹಕಗಳು ತಗ್ಗುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತದೆ, ನಾಳದ ಗೋಡೆಯಲ್ಲಿ ಕೂರುತ್ತದೆ. ಗಾಣದ ಮರ ಯಾವುದು ಎಂದು ಯಕೃತ್ತು ವಿಚಾರಿಸುವುದಿಲ್ಲ.

ಈ ಖ್ಯಾತಿಯ ಬುನಾದಿಯಲ್ಲಿರುವುದು ಹೆಗ್ಡೆಯವರ ಭಾಷಣಗಳಿಂದ ಮನೆಮನೆಗೆ ಮುಟ್ಟಿದ ಒಂದು ಹೋಲಿಕೆ: ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲ ತಾಯಿಯ ಹಾಲಿನಲ್ಲೂ ಇದೆ. ಕೇಳಿದವರ ಕಣ್ಣು ಒದ್ದೆಯಾಗುವ ಮಾತಿದು. ತಾಯಿಯ ಹಾಲಿನ ವಿರುದ್ಧ ವಾದಿಸಲು ಯಾರಿಗೆ ಧೈರ್ಯ? ಆದರೂ ಸ್ವಲ್ಪ ಬಿಡಿಸಿ ನೋಡೋಣ. ಎದೆಹಾಲಿನ ಕೊಬ್ಬಿನಲ್ಲಿ ಲಾರಿಕ್ ಆಮ್ಲ ಸಾಮಾನ್ಯವಾಗಿ ನೂರಕ್ಕೆ ಐದಾರು ಪಾಲು. ಕೊಬ್ಬರಿ ಎಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧ. ಎದೆಹಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಓಲಿಯಿಕ್ ಆಮ್ಲ, ಅದು ಮೂರನೇ ಒಂದು ಪಾಲಿನಷ್ಟಿದೆ. ಕಡ್ಲೆಕಾಯಿ ಎಣ್ಣೆಯಲ್ಲಿ ಹೆಚ್ಚಿರುವುದೂ ಅದೇ. ಅಂದಮೇಲೆ ಈ ತರ್ಕದ ಪ್ರಕಾರ ತಾಯಿಗೆ ಹತ್ತಿರದ ನೆಂಟ ಕಡ್ಲೆಕಾಯಿ, ಕೊಬ್ಬರಿಯಲ್ಲ. ಇನ್ನೊಂದು: ಎದೆಹಾಲು ಐದಾರು ತಿಂಗಳಲ್ಲಿ ತೂಕ ಇಮ್ಮಡಿಯಾಗಬೇಕಾದ ಕೂಸಿನ ಆಹಾರ. ಐವತ್ತು ದಾಟಿ, ಹೊಟ್ಟೆ ಬೆಳೆದು, ಬಿ.ಪಿ. ಮಾತ್ರೆ ನುಂಗುವ ಗೌಡರಿಗೂ ತೂಕ ಇಮ್ಮಡಿಯಾಗಬೇಕೇ?

ಲಾರಿಕ್‌ನಿಂದ ಹುಟ್ಟುವ ಮೊನೊಲಾರಿನ್ ಪ್ರಯೋಗಾಲಯದಲ್ಲಿ ರೋಗಾಣು ಕೊಲ್ಲುತ್ತದೆ, ನಿಜ. ಅದು ಸೋಂಕಿನ ಮಾತು, ರಕ್ತನಾಳದ್ದಲ್ಲ. ಮಧ್ಯಮ ಸರಪಳಿಯ ಕೊಬ್ಬು ನೇರ ಯಕೃತ್ತಿಗೆ ಹೋಗಿ ಉರಿದುಹೋಗುತ್ತದೆ ಎನ್ನುವುದು ಎಂಟು, ಹತ್ತು ಇಂಗಾಲದ ಆಮ್ಲಗಳಿಗೆ ಸಲ್ಲುತ್ತದೆ. ಹನ್ನೆರಡು ಇಂಗಾಲದ ಲಾರಿಕ್ ಬಹುಪಾಲು ಉಳಿದ ಕೊಬ್ಬಿನ ದಾರಿಯಲ್ಲೇ ಸಾಗುತ್ತದೆ. ಹೆಸರಿಗೆ ಮಧ್ಯಮ, ನಡತೆಯಲ್ಲಿ ಉದ್ದ.

ಇಲ್ಲಿಗೆ ಬಂದರೆ ಭಕ್ತರು ಕೊಚ್ಚಿಯ ಪ್ರಯೋಗವನ್ನು ಎತ್ತುತ್ತಾರೆ. 2016ರಲ್ಲಿ ಪ್ರಕಟವಾದದ್ದು: ಹೃದ್ರೋಗಿಗಳು ಇನ್ನೂರು ಮಂದಿ, ಎರಡು ವರ್ಷ, ಅರ್ಧ ಜನಕ್ಕೆ ಕೊಬ್ಬರಿ ಎಣ್ಣೆ, ಅರ್ಧ ಜನಕ್ಕೆ ಸೂರ್ಯಕಾಂತಿ, ಕೊಲೆಸ್ಟ್ರಾಲಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲ ಹೃದ್ರೋಗದ ಔಷಧಿಯ ಮೇಲಿದ್ದವರು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಸೇರಿ, ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸ್ಟ್ಯಾಟಿನ್ ಕಂಪನಿಗಳನ್ನು ಬೈಯುವವರು ಸ್ಟ್ಯಾಟಿನ್ ನೆರಳಲ್ಲಿ ಗೆದ್ದ ಎಣ್ಣೆಗೆ ಜೈಕಾರ ಹಾಕುವುದು ತಮಾಷೆಯಾಗಿದೆ. ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯಲ್ಲಿ ಇತರ ಸಸ್ಯಜನ್ಯ ಎಣ್ಣೆಗಳ ಎದುರು ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸಿತ್ತು, ಎಚ್‌ಡಿಎಲ್ ಅನ್ನು 4. ಒಳ್ಳೆಯದೂ ಏರಿತಲ್ಲ ಎನ್ನಬಹುದು. ಎಚ್‌ಡಿಎಲ್ ಅನ್ನು ಜೋರಾಗಿ ಏರಿಸಿದ ಟಾರ್ಸೆಟ್ರಪಿಬ್ ಎಂಬ ಮಾತ್ರೆಯ ಪ್ರಯೋಗವನ್ನು ಸಾವು ಹೆಚ್ಚಾದ ಕಾರಣಕ್ಕೆ 2006ರಲ್ಲಿ ನಿಲ್ಲಿಸಬೇಕಾಯಿತು.

ಎದುರು ಪಾಳೆಯವೇನೂ ಕಮ್ಮಿಯಿಲ್ಲ. 2018ರಲ್ಲಿ ಹಾರ್ವರ್ಡ್‌ನ ಪ್ರೊಫೆಸರೊಬ್ಬರು ಜರ್ಮನಿಯ ಭಾಷಣದಲ್ಲಿ ಕೊಬ್ಬರಿ ಎಣ್ಣೆಯನ್ನು ಅಪ್ಪಟ ವಿಷ ಎಂದರು. ನಮ್ಮ ದೇಶದ ತೋಟಗಾರಿಕಾ ಆಯುಕ್ತರು ಪ್ರತಿಭಟನೆಯ ಪತ್ರ ಬರೆದರು. ಎರಡೂ ಕಡೆ ಸಿಟ್ಟೇ ಜಾಸ್ತಿ. ದೋಸೆಯ ಮೇಲೆ ಅರ್ಧ ಚಮಚ ತುಪ್ಪ ಕಂಡರೆ ಬೆಚ್ಚುವ ಅಂಕಣಕಾರ ವೈದ್ಯರು, ಸೂರ್ಯಕಾಂತಿ ಎಣ್ಣೆಗೆ ಹೃದಯದ ಚಿತ್ರ ಅಂಟಿಸುವ ಜಾಹೀರಾತುದಾರರು, ಯಾವ ಸಸ್ಯದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇಲ್ಲದಿರುವಾಗ ಕೊಲೆಸ್ಟ್ರಾಲ್‌ರಹಿತ ಎಂದು ಅಚ್ಚುಹಾಕುವವರು, ಇವರ ಮೇಲಿನ ಕೋಪವೇ ಗಾಣದವರನ್ನು ಬೆಳೆಸಿದ್ದು. ಡಾಲ್ಡಾ ಕಾಲದ ಟ್ರಾನ್ಸ್ ಕೊಬ್ಬಿನ ಬಗ್ಗೆ ಬಾಯಿ ಬಿಡಲು ಕೊಬ್ಬಿನ ವಿಜ್ಞಾನಕ್ಕೆ ದಶಕಗಳೇ ಹಿಡಿದವು. ಎಣ್ಣೆ, ಕೊಬ್ಬುಗಳಲ್ಲಿ ಅದನ್ನು ನೂರಕ್ಕೆ 2ಕ್ಕೆ ಇಳಿಸುವ ನಿಯಮ ನಮ್ಮಲ್ಲಿ ಜಾರಿಯಾದದ್ದು 2022ರಲ್ಲಿ. ಜನಕ್ಕೆ ಅನುಮಾನ ಬಂದರೆ ತಪ್ಪೇನು? ಅನುಮಾನ ಸರಿ, ಆರಿಸಿಕೊಂಡ ಎಣ್ಣೆ ತಪ್ಪು.

ಅಷ್ಟಕ್ಕೂ ನಮ್ಮ ಕಡೆ ಕೊಬ್ಬರಿ ಎಣ್ಣೆ ಯಾವತ್ತು ಒಲೆ ಹತ್ತಿತ್ತು? ಘಟ್ಟದ ಕೆಳಗಿನವರ ಅಡುಗೆ ಅದು. ಇಲ್ಲಿ ಅದು ತಲೆಗೆ; ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ, ಇಲ್ಲವೇ ಹುಚ್ಚೆಳ್ಳೆಣ್ಣೆ. ಪರಂಪರೆಯ ಹೆಸರಲ್ಲಿ ಎಚ್.ಡಿ. ಕೋಟೆಯವರು ಮಂಗಳೂರಿನ ಪರಂಪರೆಯನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದಾರೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಡುತ್ತಿದ್ದ ಹುಚ್ಚೆಳ್ಳಿನ ಬಗ್ಗೆ ಯಾವ ಭಾಷಣವೂ ಇಲ್ಲ. ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲೀಯಿಕ್ ಆಮ್ಲ. ಎಲ್‌ಡಿಎಲ್ ತಗ್ಗಿಸುವ ಗುಣ ಇರುವುದು ಅದಕ್ಕೆ. ಈ ಸೀಮೆಯ ಹೊಗೆಸೊಪ್ಪಿನ ದುಡ್ಡಿನೆದುರು ಹುಚ್ಚೆಳ್ಳಿಗೇನು ಲೆಕ್ಕ? ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಹೊರಗೆ ಬೀಡಿ ಹಚ್ಚಿಕೊಂಡು ಯಾವ ಎಣ್ಣೆ ಹಾರ್ಟಿಗೆ ಒಳ್ಳೇದು ಎಂದು ಚರ್ಚಿಸುವುದನ್ನು ನೋಡಿದವರು ಬಲ್ಲರು.

ಹುಚ್ಚೆಳ್ಳೆಣ್ಣೆಗೂ ಊನವಿದೆ: ಬೇಗ ಕಮಟು ಹಿಡಿಯುತ್ತದೆ, ಬೋಂಡಾ ಕರಿಯಲು ಒಗ್ಗುವುದಿಲ್ಲ. ಮನೆಗೆ ಬೇಕಾದಷ್ಟನ್ನೇ ಆಗಾಗ ಅರೆಸಿ ತರಬೇಕು, ಹೊಸ ಎಣ್ಣೆಗೆ ಕಾಯಬೇಕು. ಗಾಣ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ಆದರೆ ನಾನು ಕಂಡ ಗಾಣದಂಗಡಿಗಳ ಡಬ್ಬಿಗಳ ಮೇಲೆ ಹೃದಯದ ಚಿತ್ರವಿರುತ್ತದೆ, ಎತ್ತಿನ ಚಿತ್ರವಿರುತ್ತದೆ. ಎಣ್ಣೆ ತೆಗೆದ ತಾರೀಖನ್ನು ಹುಡುಕಬೇಕು.