ಮಾತಾಡಿದರೆ ಕಾಣುವ ಕುರ್ಚಿಗಳು

ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆಯೆಂದರೆ ಗೂಡು, ನೂಲು ಮತ್ತು ಆ ದಿನದ ದರ. ಅಚ್ಚಿನ ಕೆಲಸಕ್ಕೂ ರೇಷ್ಮೆಗೂ ನಂಟುಂಟು ಎಂದರೆ ಗೂಡಿನ ಮಾರುಕಟ್ಟೆಯಲ್ಲಿ ನಿಂತ ರೀಲರುಗಳು ನಕ್ಕಾರು. ಆದರೆ ಲಗ್ನಪತ್ರಿಕೆ ಅಚ್ಚು ಹಾಕುವ ಸ್ಕ್ರೀನ್ ಪ್ರಿಂಟಿಂಗಿಗೆ ಸಿಲ್ಕ್‌ಸ್ಕ್ರೀನ್ ಎಂಬ ಹೆಸರು ಬಂದದ್ದು ಚೌಕಟ್ಟಿಗೆ ಬಿಗಿಯುತ್ತಿದ್ದ ರೇಷ್ಮೆ ಬಟ್ಟೆಯಿಂದಲೇ. ಈಗ ನೈಲಾನು, ಪಾಲಿಯೆಸ್ಟರು ಬಂದಿವೆ. ಹೆಸರಿನಲ್ಲಷ್ಟೇ ರೇಷ್ಮೆ ಉಳಿದಿದೆ.

ಈ ಅಚ್ಚಿಗೆ ಎಲೆಕ್ಟ್ರಾನಿಕ್ಸ್ ಕೂಡಿಸಿ ಮಾಡಿದ ಕೃತಿಗಳಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1968ರಲ್ಲಿ ರಚಿಸಿದ ‘ಸೌಂಡಿಂಗ್ಸ್’. ಅದು ಜರ್ಮನಿಯ ಕಲೋನ್ ನಗರದ ಲುಡ್ವಿಗ್ ಮ್ಯೂಸಿಯಮ್ಮಿಗೆ ಸೇರಿದ್ದು. ನಾನು ಚಿತ್ರಗಳಲ್ಲಿ ಕಂಡವಳು ಮಾತ್ರ. ಸುಮಾರು 36 ಅಡಿ ಅಗಲ, 8 ಅಡಿ ಎತ್ತರದ ಪ್ಲಾಸ್ಟಿಕ್ ಹಲಗೆಗಳ ಗೋಡೆ, ಒಂದರ ಹಿಂದೊಂದು ಮೂರು ಸಾಲು. ಹಿಂದಿನ ಸಾಲುಗಳ ಮೇಲೆ ಕುರ್ಚಿಯ ಚಿತ್ರಗಳನ್ನು ಸ್ಕ್ರೀನಿನಿಂದ ಅಚ್ಚೊತ್ತಿದೆ. ಮುಂದಿನದಕ್ಕೆ ಕನ್ನಡಿಯ ಲೇಪ. ಸುಮ್ಮನೆ ನಿಂತರೆ ಕಾಣುವುದು ನಮ್ಮದೇ ಮುಖ. ಮಾತಾಡಿದರೆ ಮೈಕು ದನಿಯನ್ನು ಹಿಡಿದು, ಸ್ವರದ ಏರಿಳಿತಕ್ಕೆ ತಕ್ಕಂತೆ ಒಳಗಿನ ದೀಪಗಳು ಹೊತ್ತಿ, ಕತ್ತಲೊಳಗಿಂದ ಕುರ್ಚಿಗಳು ಎದ್ದು ಬರುತ್ತವೆ. ಮಾತು ನಿಂತರೆ ಮಾಯ. ಇದರ ವಿದ್ಯುತ್ ಕೆಲಸಕ್ಕೆ ಬಿಲ್ಲಿ ಕ್ಲೂವರ್ ಮತ್ತಿತರ ಎಂಜಿನಿಯರುಗಳ ನೆರವಿತ್ತು.

ದೀಪ ಮಿನುಗಿಸುವ ಕಲೆಯೆಂದರೆ ನನಗೆ ಮೊದಲಿನಿಂದಲೂ ಗುಮಾನಿ. ಜಾತ್ರೆಯಲ್ಲಿ ದೇವರ ಪಟದ ಹಿಂದೆ ತಿರುಗುವ ಬಣ್ಣದ ಬಲ್ಬುಗಳಂತೆ, ಎಷ್ಟೋ ಕೃತಿಗಳಲ್ಲಿ ಸ್ವಿಚ್ಚು ಆರಿಸಿದರೂ ಚಿತ್ರಕ್ಕೇನೂ ನಷ್ಟವಿಲ್ಲ. ಅಲ್ಲಿ ವಿದ್ಯುತ್ತು ಬರೀ ಒಡವೆ. ‘ಸೌಂಡಿಂಗ್ಸ್’ ಹಾಗಲ್ಲ. ಕರೆಂಟು ಹೋದರೆ ಅಚ್ಚೇ ಕಾಣದು; ಅಚ್ಚಿಲ್ಲದಿದ್ದರೆ ದೀಪಕ್ಕೆ ತೋರಿಸಲು ಏನೂ ಇಲ್ಲ.

ಅಷ್ಟಕ್ಕೂ ಇವೆರಡೂ ಪರಕೀಯವಲ್ಲ. ತಾಮ್ರದ ತಗಡಿಗೆ ಮೇಣ ಬಳಿದು, ಗೀರಿ, ಆಮ್ಲದಲ್ಲಿ ಅದ್ದುವ ಎಚ್ಚಿಂಗ್ ಚಿತ್ರಕಾರರ ಹಳೆಯ ವಿದ್ಯೆ. ರೇಡಿಯೋದೊಳಗಿನ ಹಲಗೆಯೂ ಅದೇ ಮನೆತನದ್ದು. ತಾಮ್ರದ ಮೇಲೆ ಗೆರೆಗಳನ್ನು ಅಚ್ಚೊತ್ತಿ ಫೆರಿಕ್ ಕ್ಲೋರೈಡಿನಲ್ಲಿ ಇಟ್ಟರೆ ಬಣ್ಣ ಮುಚ್ಚದ ತಾಮ್ರವೆಲ್ಲ ಕರಗುತ್ತದೆ, ಗೆರೆ ಉಳಿಯುತ್ತದೆ. ಚಿತ್ರಕಾರನಿಗೆ ಕೊರೆದದ್ದು ಗೆರೆ, ಎಂಜಿನಿಯರನಿಗೆ ಉಳಿದದ್ದು ಗೆರೆ. ಪ್ರಿಂಟೆಡ್ ಸರ್ಕ್ಯೂಟ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1943ರಲ್ಲಿ ಬ್ರಿಟನ್ನಿನಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದ ವಿಯೆನ್ನಾದ ಪೌಲ್ ಐಸ್ಲರ್ ಮುದ್ರಣದ ಕೆಲಸ ಬಲ್ಲವನಾಗಿದ್ದ.

ಇಷ್ಟೆಲ್ಲ ಮೆಚ್ಚಿಯೂ ಆ ಗೋಡೆಯ ಬಗ್ಗೆ ನನಗೊಂದು ತಕರಾರಿದೆ, ಮೇಷ್ಟ್ರ ತಕರಾರೆನ್ನಿ. ನೂಲು ಬಿಚ್ಚುವ ಯಂತ್ರಗಳ ಸದ್ದಿನಲ್ಲಿ ಬೆಳೆದ ನಮ್ಮ ಹುಡುಗಿಯರು ಮನೆಯಲ್ಲಿ ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಾರೆ. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ತುಟಿ ಮಾತ್ರ ಅಲುಗುತ್ತದೆ, ದನಿ ಹೊರಡದು. ಅಂಥವಳೊಬ್ಬಳು ಆ ಕನ್ನಡಿಯ ಮುಂದೆ ನಿಂತರೆ ಅವಳಿಗೆ ಸಿಗುವುದು ತನ್ನದೇ ಮುಖ. ಅದನ್ನು ಅವಳು ಮನೆಯಲ್ಲೇ ನೋಡಿಕೊಂಡು ಬಂದಿರುತ್ತಾಳೆ. ಪಕ್ಕದವರು ಮಾತಾಡಿದರೂ ದೀಪ ಹೊತ್ತೀತಲ್ಲ ಎನ್ನಬಹುದು. ಹೊತ್ತೀತು. ಆಗ ಅವಳು ನೋಡುವುದು ಇನ್ನೊಬ್ಬರ ದನಿ ಎಬ್ಬಿಸಿದ ಕುರ್ಚಿಯನ್ನು.