ಬೊಂಬೆಯವನ ಎರಡನೇ ಬೊಂಬೆ

ಒಂದೇ ಮುಖದ ಇಬ್ಬರು ತೆರೆಗೆ ಬಂದರೆ, ಅವರು ಯಾವಾಗ ಎದುರುಬದುರಾಗುತ್ತಾರೋ ಎಂದು ಕಾಯುವುದು ದ್ವಿಪಾತ್ರದ ಸಿನಿಮಾ ನೋಡಿ ಬೆಳೆದ ನಮಗೆಲ್ಲ ರೂಢಿ. ಪೋಲೆಂಡಿನ ಕ್ರಿಸ್ತಾಫ್ ಕೀಶ್ಲೋವ್ಸ್ಕಿ 1991ರಲ್ಲಿ ತೆಗೆದ ‘ದ ಡಬಲ್ ಲೈಫ್ ಆಫ್ ವೆರೋನಿಕ್’ ಆ ಕುತೂಹಲವನ್ನು ಅರ್ಧ ಗಂಟೆಯೊಳಗೇ ತೀರಿಸಿಬಿಡುತ್ತದೆ. ಕ್ರಾಕೋವ್ ನಗರದ ಚೌಕ. ಪ್ರತಿಭಟನೆ, ಪೊಲೀಸರು, ಗದ್ದಲ. ನಡುವೆ ನಿಂತ ಪೋಲೆಂಡಿನ ಗಾಯಕಿ ವೆರೋನಿಕಾಗೆ ಪ್ರವಾಸಿ ಬಸ್ಸಿನಲ್ಲಿ ತನ್ನದೇ ಮುಖ ಕಾಣುತ್ತದೆ. ಫ್ರಾನ್ಸಿನ ಆ ಹುಡುಗಿ, ವೆರೋನಿಕ್, ಕಿಟಕಿಯಿಂದ ಪಟಪಟನೆ ಫೋಟೊ ತೆಗೆಯುತ್ತಿದ್ದಾಳೆ, ಇವಳತ್ತ ಗಮನವಿಲ್ಲ. ಬಸ್ಸು ಸುತ್ತುಹಾಕಿ ಹೊರಟುಹೋಗುತ್ತದೆ. ಭೇಟಿ ಅಷ್ಟೇ.

ಮುಂದೆ ವೆರೋನಿಕಾ ಕಛೇರಿಯಲ್ಲಿ ಹಾಡುಹಾಡುತ್ತಲೇ ಕುಸಿದು ಸಾಯುತ್ತಾಳೆ. ಕ್ಯಾಮೆರಾ ಅವಳ ಗೋರಿಯ ಗುಂಡಿಯೊಳಗಿಂದ, ತನ್ನ ಮೇಲೆ ಬೀಳುವ ಮಣ್ಣನ್ನು ನೋಡುತ್ತದೆ. ಅತ್ತ ಪ್ರಿಯಕರನ ತೋಳಿನಲ್ಲಿದ್ದ ವೆರೋನಿಕ್‌ಗೆ ಎಲ್ಲಿಲ್ಲದ ದುಃಖ ಉಕ್ಕುತ್ತದೆ. ಗುರುವಿನ ಬಳಿ ಹೋಗಿ ಹಾಡುವುದನ್ನು ಬಿಟ್ಟೆ ಎಂದು ಹೇಳಿ ಬರುತ್ತಾಳೆ. ಏಕೆಂದು ಅವಳಿಗೇ ಗೊತ್ತಿಲ್ಲ.

ಇಬ್ಬರೂ ಇರೆನ್ ಜಾಕೋಬ್. ಕಾನ್ ಉತ್ಸವದಲ್ಲಿ ಆಕೆಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಛಾಯಾಗ್ರಾಹಕ ಸ್ಲಾವೊಮಿರ್ ಇಜ್ಯಾಕ್ ಹಳದಿ-ಹಸಿರು ಫಿಲ್ಟರ್ ಹಾಕಿ ಎರಡೂ ದೇಶಗಳನ್ನು ಒಂದೇ ಬಿಸಿಲಿನಲ್ಲಿ ಅದ್ದಿದ. ಪ್ರೈಸ್ನರ್‌ನ ಸಂಗೀತವಂತೂ ಎರಡೂ ಊರುಗಳಲ್ಲಿ ಕೇಳಿಸುತ್ತದೆ. ಸಿನಿಮಾದೊಳಗೆ ಅದರ ಕರ್ತೃ ಎಂದು ಹೆಸರಿಸುವುದು ಮಾತ್ರ ಎಲ್ಲೂ ಇಲ್ಲದ ಒಬ್ಬ ಡಚ್ ಸಂಗೀತಗಾರನನ್ನು. ತುಂಟತನ!

ಬೊಂಬೆಯಾಟ ಆಡಿಸುವ ಅಲೆಕ್ಸಾಂಡ್ರ್ ಎಂಬಾತ ಕ್ಯಾಸೆಟ್ಟು, ಪಾರ್ಸೆಲ್ಲು ಕಳಿಸಿ ವೆರೋನಿಕ್‌ಳನ್ನು ಪ್ಯಾರಿಸ್ಸಿಗೆ ಕರೆಸಿಕೊಳ್ಳುವ ಭಾಗ ನನಗೆ ಎಳೆದಂತೆ ಕಾಣುತ್ತದೆ. ಆದರೆ ಅವನಿಲ್ಲದೆ ಸಿನಿಮಾದ ಅತಿ ಕ್ರೂರ ಮಾತು ಬರುತ್ತಿರಲಿಲ್ಲ. ಅವಳ ಹಳೆಯ ಫೋಟೊಗಳಲ್ಲಿ ಕ್ರಾಕೋವ್‌ನ ಹುಡುಗಿಯನ್ನು ಕಂಡು, ಅದು ನೀನೇ ಎನ್ನುತ್ತಾನೆ. ಅದು ತನ್ನ ಕೋಟಲ್ಲ ಎಂದವಳು ಆ ಫೋಟೊ ಹಾಳೆಯನ್ನು ಮುದುಡಿ ಬಿಕ್ಕುತ್ತಾಳೆ. ಆಮೇಲೊಂದು ದಿನ ಅವನ ಕೋಣೆಯಲ್ಲಿ ತನ್ನದೇ ರೂಪದ ಬೊಂಬೆ ನೋಡುತ್ತಾಳೆ. ಪಕ್ಕದಲ್ಲಿ ಇನ್ನೊಂದು ಅಂಥದ್ದೇ. ಎರಡೇಕೆ? ಆಟದಲ್ಲಿ ಕೈಯಾಡಿಸಿ ಆಡಿಸಿ ಬೊಂಬೆ ಬೇಗ ಹಾಳಾಗುತ್ತದೆ, ಅದಕ್ಕೆ, ಎನ್ನುತ್ತಾನೆ. ಕೆಟ್ಟ ಮನುಷ್ಯನೇನಲ್ಲ. ಕಸುಬಿನ ಮಾತು ಆಡಿದ, ಅಷ್ಟೇ. ಆದರೆ ಒಬ್ಬಳ ಸಾವು ಇನ್ನೊಬ್ಬಳಿಗೆ ಎಚ್ಚರಿಕೆಯಾಯಿತು ಎಂದು ಅಷ್ಟುಹೊತ್ತು ಸಮಾಧಾನಪಟ್ಟಿದ್ದ ನಾವು ಇಲ್ಲಿ ಬೆಚ್ಚುತ್ತೇವೆ: ಹಾಗಾದರೆ ವೆರೋನಿಕಾ ಯಾರ ಲೆಕ್ಕದಲ್ಲಿ ಹೆಚ್ಚುವರಿ? ನಿರ್ದೇಶಕನೂ ಎರಡು ಬೊಂಬೆ ಮಾಡಿದವನೇ ತಾನೆ. ಈ ಸಿನಿಮಾವನ್ನು ಬರೀ ಸುಂದರ ಎಂದು ಹೊಗಳುವವರು ಈ ದೃಶ್ಯವನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಗುಮಾನಿ. ವೆರೋನಿಕ್ ಅಲೆಕ್ಸಾಂಡ್ರ್‌ನನ್ನು ಬಿಟ್ಟು ಅಪ್ಪನ ಮನೆಗೆ ಹೊರಡುವುದು ಇದರ ನಂತರವೇ.

ಅಮೆರಿಕದ ಬಿಡುಗಡೆಗೆಂದು ಕೊನೆಯನ್ನು ಹಿಗ್ಗಿಸಲಾಯಿತು. ಅಲ್ಲಿ ಮಗಳು ಓಡಿ ಬಂದು ಅಪ್ಪನನ್ನು ತಬ್ಬಿಕೊಳ್ಳುತ್ತಾಳೆ. ಯುರೋಪಿನ ಪ್ರತಿ, ಅವಳು ಕಾರಿನಿಂದ ಕೈಚಾಚಿ ಮರದ ಬೊಡ್ಡೆ ಮುಟ್ಟುವಲ್ಲಿಗೇ ನಿಲ್ಲುತ್ತದೆ. ನೋಡುವುದಾದರೆ ಅದನ್ನೇ ಹುಡುಕಿ ನೋಡಿ.